ಮೊದಲ ಆಲ್ಬಂಗೆ ಬಿಟ್ಟ ಕೂದಲು

ದೇವರ ಹೆಸರಿನಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಇದೇ ದೊಡ್ಡದು. ಹೇಳುವಾಗ ಸಂಕೋಚವೂ ಆಗಲಿಲ್ಲ. ಎದುರಿಗೆ ಸೋದರಮಾವ ಕತ್ತರಿ ಹಿಡಿದು ನಿಂತಿದ್ದರು.

ಆಗ ಹೊಸಪೇಟೆಯ ತುಂಬ ಅದಿರಿನ ಲಾರಿಗಳು. ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಒಗೆದು ಹಾಕಿದ ಬಟ್ಟೆಯೂ ಅದರ ಧೂಳಿಗೆ ಕೆಂಪಗಾಗುತ್ತಿತ್ತು. ನನ್ನ ಓರಗೆಯವರು ಸಂಡೂರಿನ ಗಣಿಗಳಲ್ಲಿ ಕೆಲಸಕ್ಕೆ ಸೇರಿ ಬೈಕು ಕೊಳ್ಳುತ್ತಿದ್ದರೆ, ನಾವು ನಾಲ್ವರು ಮೆಟಲ್ ಬ್ಯಾಂಡ್ ಕಟ್ಟಿಕೊಂಡಿದ್ದೆವು. ಅದೂ ಪ್ರೊಗ್ರೆಸಿವ್ ಮೆಟಲ್. ಗಿಟಾರು ಗುಡುಗುತ್ತಿರುತ್ತದೆ, ತಾಳ ಒಮ್ಮೆ ಏಳು ಮಾತ್ರೆಗೆ, ಒಮ್ಮೆ ಹನ್ನೊಂದಕ್ಕೆ ತಿರುಗುತ್ತದೆ, ಹಾಡು ಮುಗಿಯುವ ಲಕ್ಷಣವೇ ಇರುವುದಿಲ್ಲ. ನಾನು ಗಿಟಾರಿಸ್ಟ್. ನುಡಿಸಲು ಅರ್ಧ ಬರುತ್ತಿತ್ತು, ಕೂದಲು ಮಾತ್ರ ಪೂರ್ತಿ ಭುಜದವರೆಗೆ ಬಂದಿತ್ತು.

ಎಮ್ಮಿಗನೂರಿನಿಂದ ಬಂದ ಮಾವನಿಗೆ ಅದನ್ನು ಕಂಡರಾಗಲಿಲ್ಲ.

"ಕುಂದ್ರಲೇ, ಇವತ್ತು ನಾನಾ ಕತ್ತರಿಸಿ ಹೋಗ್ತೀನಿ."

"ಬ್ಯಾಡ ಮಾವ, ಇದು ಹರಕಿ ಕೂದ್ಲು! ನಮ್ಮ ಆಲ್ಬಂ ಹೊರಗ ಬರೋತನ ಕತ್ತರಿ ಮುಟ್ಟಿಸಂಗಿಲ್ಲಂತ ಹಂಪಿ ಪಂಪಾಪತಿಗೆ ಬೇಡ್ಕೊಂಡೀನಿ."

ಕತ್ತರಿ ಕೆಳಗಿಳಿಯಿತು. ಅಡುಗೆಮನೆಯ ಬಾಗಿಲಲ್ಲಿದ್ದ ಅವ್ವ ಕೈಮುಗಿದಳು.

ಅಂದಿನಿಂದ ನನ್ನ ಕೂದಲು ಇಡೀ ಓಣಿಯ ಆಸ್ತಿಯಾಯಿತು. ಪಕ್ಕದ ಮನೆಯ ಅಜ್ಜಿ ಕೊಬ್ಬರಿ ಎಣ್ಣೆ ತಂದುಕೊಟ್ಟಳು. ಅವ್ವ ವಾರವಾರ ಸೀಗೆಕಾಯಿ ಹಾಕಿ ತೊಳೆದಳು. ಅಷ್ಟು ನುಣುಪು ಕೂದಲಿನ ಮೆಟಲ್ ಗಿಟಾರಿಸ್ಟ್ ದೇಶದಲ್ಲೇ ಇನ್ನೊಬ್ಬನಿರಲಿಲ್ಲ ಎಂಬುದು ನನ್ನ ನಂಬಿಕೆ.

ರೆಕಾರ್ಡಿಂಗ್ ನಡೆದದ್ದು ಕಂಪ್ಲಿಯಲ್ಲಿ, ನಮ್ಮ ಡ್ರಮ್ಮರನ ಅಪ್ಪನ ರೈಸ್ ಮಿಲ್ಲಿನ ಗೋದಾಮಿನಲ್ಲಿ. ಸುತ್ತ ಅಕ್ಕಿ ಚೀಲ ಪೇರಿಸಿದರೆ ಸದ್ದು ಮಾರ್ದನಿಸುತ್ತಿರಲಿಲ್ಲ. ಆದರೆ ಕರೆಂಟ್ ಇದ್ದಾಗ ಮಿಲ್ಲು ಓಡುತ್ತಿತ್ತು, ಮಿಲ್ಲು ನಿಂತಾಗ ಕರೆಂಟೇ ಇರುತ್ತಿರಲಿಲ್ಲ. ಏಳು ಹಾಡಿಗೆ ಎರಡು ವರ್ಷ ಹಿಡಿಯಿತು. ಒಂದನ್ನು ಅವ್ವನಿಗೆ ಕೇಳಿಸಿದೆ.

"ಅನ್ನಕ್ಕಿಟ್ಟು ಬಂದಿದ್ದೆ. ಅನ್ನ ಆತು, ನಿಮ್ಮ ಹಾಡು ಇನ್ನಾ ಮುಗೀವಲ್ದು," ಎಂದು ಎದ್ದು ಹೋದಳು.

ಕೊನೆಗೂ ಒಂದು ಭಾನುವಾರ ಸಿಡಿಗಳ ಪೆಟ್ಟಿಗೆ ಬಂತು. ಕವರಿನ ತುಂಬ ಹಂಪಿಯ ಬಂಡೆಯ ಮೇಲೆ ಹಾರಾಡುವ ನನ್ನ ಕೂದಲು. ಮುಖ ಕಾಣುತ್ತಿರಲಿಲ್ಲ, ಹಾಗಾಗಿ ಚಿತ್ರ ಚೆನ್ನಾಗಿತ್ತು. ಮುಂದಿನ ಭಾನುವಾರವೇ ಬಿಡುಗಡೆಯ ಷೋ. ಅವ್ವ ಒಂದು ಸಿಡಿಯನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚಿದಳು.

"ನಾಳೆ ಸೋಮವಾರ. ಹಂಪಿಗೆ ಹೋಗಿ ಮುಡಿ ಕೊಟ್ಟು ಬರೋಣ."

ಸುಳ್ಳು ಹೇಳುವಾಗ ಇದು ಹೊಳೆದಿರಲಿಲ್ಲ. ಹರಕೆ ತೀರಿದರೆ ತಲೆ ಬೋಳು. ಕೂದಲು ಬೀಸದ ಮೆಟಲ್ ಗಿಟಾರಿಸ್ಟನನ್ನು ಯಾರು ನೋಡುತ್ತಾರೆ? ಡ್ರಮ್ಮರ್ ಫೋನಿನಲ್ಲೇ ಗೋಳಾಡಿದ.

"ಷೋ ಆಗೋತನ ಹೆಂಗರ ತಪ್ಪಿಸ್ಕೋಲೇ. ಬೋಳಾಗಿ ಬಂದ್ರ, ಕವರ್ ಮ್ಯಾಲಿದ್ದಾಂವ ಎಲ್ಲೆದಾನಂತ ಜನ ಕೇಳ್ತಾರ."

ಮರುದಿನ ಬೆಳಿಗ್ಗೆ ಹೊಟ್ಟೆನೋವೆಂದು ಮುಸುಕೆಳೆದು ಮಲಗಿದೆ. ನಮ್ಮ ಜೊತೆ ಹಂಪಿಗೆ ಹೋಗಲೆಂದು ಬಂದಿದ್ದ ಮಾವ ಹೊದಿಕೆ ಕಿತ್ತೆಸೆದರು.

"ಏಳಲೇ. ನಿಮ್ಮವ್ವ ಇವತ್ತರ ಸಕ್ರಿ ಹಾಕಿದ ಚಾ ಕುಡೀಲಿ."

"ಯಾಕ, ದಿನಾ ಎಂಥಾದ್ದು ಕುಡೀತಾಳ?"

"ನಿನ್ನ ಕೆಲಸ ಆಗೋತನ ಸಿಹಿ ಮುಟ್ಟಂಗಿಲ್ಲಂತ ಆಕಿನೂ ಅವತ್ತ ಹರಕಿ ಹೊತ್ತಾಳ. ಎರಡು ವರ್ಷ ಆತು. ಗೊತ್ತಿಲ್ಲೇನು?"

ಗೊತ್ತಿರಲಿಲ್ಲ. ಹಬ್ಬಕ್ಕೆ ಹೋಳಿಗೆ ಮಾಡಿ ನನಗೆ ಬಡಿಸಿದ್ದಳು, ಅವಳ ತಟ್ಟೆಯ ಕಡೆ ನಾನು ನೋಡಿಯೇ ಇರಲಿಲ್ಲ. ಭಾರಿ ನಾಚಿಕೆಯಾಯಿತು. ಹೊಟ್ಟೆನೋವು ಕಡಿಮೆಯಾಯಿತೆಂದು ಎದ್ದು ಸ್ನಾನಕ್ಕೆ ಹೋದೆ.

ಹಂಪಿಯ ಹೊಳೆದಂಡೆಯಲ್ಲಿ ಕ್ಷೌರದವನು ಐದು ನಿಮಿಷದಲ್ಲಿ ಕೆಲಸ ಮುಗಿಸಿದ. ಮಾವ ನಕ್ಕಿದ್ದೇ ನಕ್ಕಿದ್ದು. ದರ್ಶನ ಮಾಡಿಕೊಂಡು ಚಹಾದಂಗಡಿಗೆ ಬಂದೆವು. ಅವ್ವ "ಸಕ್ರಿ ಜಾಸ್ತಿ ಹಾಕ್ರಿ" ಎಂದು ಹೇಳಿ, ಒಂದು ಹನಿಯೂ ಬಿಡದೆ ಕುಡಿದಳು. ಇನ್ನು ತಡೆಯಲಾರದೆ ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನ್ನ ಬೋಳು ತಲೆ ಸವರಿ ಕೇಳಿದಳು:

"ಇನ್ನೊಂದು ಕ್ಯಾಸೆಟ್ ಮಾಡೋದೈತೇನು? ಇದ್ರ ಈಗ್ಲೇ ಹೇಳಪ್ಪ, ಇನ್ನೊಂದು ಚಾ ಕುಡ್ಕೊಂತೀನಿ."