ಬಿಡು ಎಂದು ಓದಿದ ಪ್ರಶ್ನೆಗಳು

ಮಾನ್ಯ ಓದುಗರೇ,

ಮೊದಲಿಗೆ, ನನ್ನ ಕಾಗುಣಿತದ ತಪ್ಪುಗಳನ್ನೂ ಅಂದವಿಲ್ಲದ ಅಕ್ಷರಗಳನ್ನೂ ತಾವು ಕ್ಷಮಿಸಬೇಕಾಗಿ ವಿನಂತಿ. ಅಲ್ಪಪ್ರಾಣ ಮಹಾಪ್ರಾಣಗಳು ನನ್ನ ಕೈಯಲ್ಲಿ ಇಂದಿಗೂ ಅದಲುಬದಲಾಗುತ್ತವೆ. ಅರ್ಜಿಗಳನ್ನಲ್ಲದೆ ಬೇರೇನನ್ನೂ ಬರೆದು ರೂಢಿಯಿಲ್ಲದ ಕಾರಣ, ಈ ಬರಹವೂ ಅರ್ಜಿಯಂತೆ ಕಂಡರೆ ಅನ್ಯಥಾ ಭಾವಿಸಬಾರದು. ಆದರೆ ಇದರಲ್ಲಿ ನಾನು ಯಾವ ಅನುಮತಿಯನ್ನೂ ಬೇಡುತ್ತಿಲ್ಲ ಎಂಬುದನ್ನು ಆರಂಭದಲ್ಲೇ ಸ್ಪಷ್ಟಪಡಿಸುತ್ತೇನೆ.

ಸದರಿ ವಿಷಯವು ಎರಡು ಸಾವಿರದ ದಶಕದ ಮೊದಲ ವರ್ಷಗಳಿಗೆ ಸಂಬಂಧಿಸಿದ್ದು. ಆಗ ನಾನು ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಪಿಯುಸಿ ಮೊದಲ ವರ್ಷದ ವಿಜ್ಞಾನ ವಿದ್ಯಾರ್ಥಿನಿ. ಬ್ಯಾಡಗಿಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಗಣಿತದಲ್ಲಿ ಶಾಲೆಗೇ ಮೊದಲಿಗಳು. ಹೀಗಿದ್ದೂ ಕಾಲೇಜಿನ ಮೊದಲ ಟೆಸ್ಟಿನಲ್ಲಿ ಗಣಿತಕ್ಕೇ ನನಗೆ ಬಂದ ಅಂಕಗಳು ಹೇಳಿಕೊಳ್ಳುವಂತಿರಲಿಲ್ಲ. ಮೋಟೆಬೆನ್ನೂರಿನಿಂದ ಬರುತ್ತಿದ್ದ ನನ್ನ ಗೆಳತಿಯ ಗತಿಯೂ ಅದೇ. ಗಣಿತದ ಉಪನ್ಯಾಸಕರು ನಮ್ಮಿಬ್ಬರನ್ನೂ ಎಬ್ಬಿಸಿ ನಿಲ್ಲಿಸಿದರು.

"ಸೈನ್ಸ್ ನಿಮ್ಮ ಕೈಲೆ ಆಗೂದಲ್ಲ. ಆರ್ಟ್ಸಿಗೆ ಹೋಗ್ತೇವಂತ ಅರ್ಜಿ ಬರದು, ಅಪ್ಪನ ಸಹಿ ಹಾಕಿಸ್ಕೊಂಡು ಸೋಮವಾರ ತರ್ರಿ."

ನನ್ನ ತಂದೆಯವರು ಮೆಣಸಿನಕಾಯಿ ಪೇಟೆಯಲ್ಲಿ ವ್ಯಾಪಾರಸ್ಥರು. ಕಲಿತವರ ಮಾತೆಂದರೆ ಅವರಿಗೆ ತಕ್ಕಡಿಯ ಮುಳ್ಳಿದ್ದಂತೆ. "ಸರ್ ಹೇಳ್ಯಾರಂದ್ರ ಖರೇನ ಇರ್ತೈತಿ ತಗಿ" ಎಂದು, ನಾನೇ ಬರೆದಿದ್ದ ಅರ್ಜಿಗೆ ಸಹಿ ಮಾಡಿಕೊಟ್ಟರು. "ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವ-ಇಚ್ಛೆಯಿಂದ" ಎಂದು ಅದರಲ್ಲಿ ಬರೆದಿದ್ದೆ. ಅರ್ಜಿಗಳಲ್ಲಿ ಹಾಗೆ ಬರೆಯಬೇಕೆಂದು ಯಾರೋ ಹೇಳಿದ್ದರು.

ಸೋಮವಾರ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತಿದೆವು. ಹಾವೇರಿಯಿಂದ ಬರುತ್ತಿದ್ದ ನಮ್ಮ ತರಗತಿಯ ಹುಡುಗನೊಬ್ಬ ಎಂದಿನಂತೆ ನಮಗೆ ಜಾಗ ಹಿಡಿದು ಕುಳಿತಿದ್ದ. ಅವನದು ಒಂದನೆಯ ತರಗತಿಯಿಂದಲೂ ಇಂಗ್ಲಿಷ್ ಮಾಧ್ಯಮ.

"ಏನ್ರಿ ಬ್ಯಾಡಗಿಯವರ, ಆರ್ಟ್ಸಿಗೆ ಹೊಂಟ್ರಿ? ನಿಮ್ಮೂರ ಮೆಣಸಿನಕಾಯಾಗ ಬೀಜಾನ ಕಡಿಮಿ. ಬೀಜಗಣಿತ ಎಲ್ಲಿಂದ ಬರಬೇಕು?"

"ನೀ ನಿಮ್ಮೂರ ಯಾಲಕ್ಕಿ ಮಾಲಿ ಕೊಳ್ಳಾಗ ಹಾಕ್ಕೊಂಡು ಸುಮ್ನ ಕುಂದರು" ಎಂದಳು ಗೆಳತಿ.

ಅವನು ನಗುತ್ತಲೇ ನನ್ನ ಕೈಯಲ್ಲಿದ್ದ ಟೆಸ್ಟಿನ ಉತ್ತರಪತ್ರಿಕೆಯನ್ನು ಕಸಿದುಕೊಂಡು, ಪ್ರಶ್ನೆಪತ್ರಿಕೆಯ ಪಕ್ಕದಲ್ಲಿಟ್ಟು ನೋಡತೊಡಗಿದ. ಅವನ ನಗು ನಿಂತಿತು.

"ಮಾಡಿದ್ದೆಲ್ಲಾ ಸರಿ ಐತಲ್ಲ! ಮತ್ತ ಇದಕ್ಕ ಯಾಕ ಕೈ ಹಚ್ಚಿಲ್ಲ? ಇದಕ್ಕೂ ಹಚ್ಚಿಲ್ಲ?"

"ಅವು ಬಿಡು ಅಂತ ಕೊಟ್ಟಾರ. ಬಿಟ್ಟೇನಿ."

"ಬಿಡು ಅಂತ ಎಲ್ಲಿ ಕೊಟ್ಟಾರ?"

"ಕಣ್ಣ ಕಾಣಸ್ತಾವಿಲ್ಲ ನಿನಗ? ಮೊದಲಿಗೇ ಐತಿ ನೋಡು. ಲೆಟ್ ಅಂತ."

"ಹೌದಲ್ಲ, ನಾನೂ ಅದಕ್ಕ ಬಿಟ್ಟೇನಿ" ಎಂದಳು ಗೆಳತಿ.

ಎದುರಿಗೆ ಕುಳಿತಿದ್ದ ಅಜ್ಜಿಯೊಬ್ಬರು ಗಾಬರಿಯಿಂದ, "ಏನ್ ಬಿಟ್ಟೀರೆ ಯವ್ವಾ? ಬುತ್ತಿ ಬಿಟ್ಟ ಬಂದೀರೇನು?" ಎಂದು ಕೇಳಿದರು. ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ.

ಈ ಸಂಬಂಧ ಒಂದು ವಿವರಣೆ ಅಗತ್ಯ. ನಮ್ಮ ಶಾಲೆಯ ಇಂಗ್ಲಿಷ್ ಪಾಠದಲ್ಲಿ "ಲೆಟ್ ಮಿ ಗೋ" ಎಂದರೆ "ನನ್ನನ್ನು ಹೋಗಲು ಬಿಡು" ಎಂದು ಬಾಯಿಪಾಠ ಮಾಡಿಸಿದ್ದರು. ಕಾಲೇಜಿಗೆ ಬಂದಮೇಲೆ, ಪರೀಕ್ಷೆಯಲ್ಲಿ ಕೆಲವು ಪ್ರಶ್ನೆಗಳನ್ನು "ಚಾಯ್ಸಿನ್ಯಾಗ ಬಿಡೂದು" ಇರುತ್ತದೆಂದು ಹಿರಿಯ ವಿದ್ಯಾರ್ಥಿಗಳು ತಿಳಿಸಿದ್ದರು. ಎರಡೂ ಕೂಡಿದವು. ಲೆಟ್ ಎಂದು ಮೊದಲಾಗುವ ಪ್ರಶ್ನೆಗಳೇ ಬಿಡತಕ್ಕ ಪ್ರಶ್ನೆಗಳೆಂದು ನಾವು ಶಿಸ್ತಿನಿಂದ, ಒಂದನ್ನೂ ಮುಟ್ಟದೆ ಬಿಟ್ಟಿದ್ದೆವು.

"ಲೆಟ್ ಅಂದ್ರ ಇಲ್ಲಿ ಹಂಗಲ್ಲವಾ" ಎಂದು ಹುಡುಗ ಕಣ್ಣೊರೆಸಿಕೊಂಡ. "ಆಲ್ಫಾ, ಬೀಟಾ ಈ ಸಮೀಕರಣದ ರೂಟ್ಸ್ ಅದಾವ ಅಂತ ತಿಳ್ಕೊ, ಅಂತ ಅದರ ಅರ್ಥ."

"ಅಂದ್ರ 'ಆಗಿರಲಿ'!" ಎಂದು ಗೆಳತಿ ಕೂಗಿಯೇ ಬಿಟ್ಟಳು.

ಕನ್ನಡ ಪುಸ್ತಕದ ಆ 'ಆಗಿರಲಿ' ನಮಗೆ ಮೂರು ಹೊತ್ತಿನ ರೊಟ್ಟಿಯಷ್ಟು ಪರಿಚಿತ. ಎ ಬಿ ಸಿ ಒಂದು ತ್ರಿಭುಜವಾಗಿರಲಿ, ಓ ವೃತ್ತಕೇಂದ್ರವಾಗಿರಲಿ. ಬಿಟ್ಟ ಪ್ರಶ್ನೆಗಳನ್ನು ಅಲ್ಲೇ, ತೊಡೆಯ ಮೇಲೆ, ಕುಲುಕುವ ಗಾಡಿಯಲ್ಲಿ ಬಿಡಿಸುತ್ತಾ ಹೋದೆ. ಹುಡುಗ ಬಗ್ಗಿ ನೋಡುತ್ತಿದ್ದ. "ಸರಿ ಐತಿ." ಸ್ವಲ್ಪ ಹೊತ್ತಿಗೆ, "ಇದೂ ಸರಿ ಐತಿ." ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಒಂದು ಪದ ತಿಳಿಯದ್ದಕ್ಕೆ ಇಡೀ ಗಣಿತವನ್ನೇ ಬಿಡಲು ನಾನು ಸಹಿ ಹಾಕಿಸಿಕೊಂಡು ಹೊರಟಿದ್ದೆ.

ತರಗತಿಗೆ ಬಂದೊಡನೆ ಉಪನ್ಯಾಸಕರು, "ಅರ್ಜಿ ತಂದೀರೇನು?" ಎಂದು ಕೇಳಿದರು.

"ತಂದೇನ್ರಿ ಸರ್. ಆದ್ರ ಕೊಡೂದಿಲ್ರಿ."

"ಯಾಕ?"

"ಅದರಾಗ ಸ್ವ-ಇಚ್ಛೆಯಿಂದ ಅಂತ ಬರದೇನ್ರಿ. ಅದು ಸುಳ್ಳೈತ್ರಿ."

ಗಾಡಿಯಲ್ಲಿ ನಡೆದ ಸಂಗತಿಯನ್ನು ಯಥಾವತ್ತಾಗಿ ತಿಳಿಸಿದೆ. ಇಡೀ ತರಗತಿ ನಕ್ಕಿತು. ಅವರು ಮಾತ್ರ ನಗಲಿಲ್ಲ.

"ಲೆಟ್ ಅಂದ್ರ ಏನು ಅಂತ ಗೊತ್ತಿಲ್ಲದಾಕಿ ಸೈನ್ಸ್ ಹೆಂಗ ಓದ್ತಿ?"

"ಅದು ಇವತ್ತ ಮುಂಜಾನೆ ಗೊತ್ತಾತ್ರಿ. ಲೆಕ್ಕ ಮೊದಲ ಗೊತ್ತಿತ್ರಿ. ಬೇಕಾದ್ರ ಬೋರ್ಡಿನ ಮ್ಯಾಲ ಒಂದು ಕೊಡ್ರಿ."

ಅವರು ಬರೆದರು: ಎಕ್ಸ್ ವರ್ಗ, ಮೈನಸ್ ಏಳು ಎಕ್ಸ್, ಪ್ಲಸ್ ಹತ್ತು, ಸಮ ಸೊನ್ನೆ. ಮೂಲಗಳನ್ನು ಕಂಡುಹಿಡಿಯದೆಯೇ ಅವುಗಳ ಘನಗಳ ಮೊತ್ತ ಹೇಳಬೇಕು. ನಾನು ಸೀಮೆಸುಣ್ಣ ಹಿಡಿದು, ಗಟ್ಟಿಯಾಗಿ, ನನಗೆ ಬರುವ ಭಾಷೆಯಲ್ಲಿ ಆರಂಭಿಸಿದೆ. "ಆಲ್ಫಾ, ಬೀಟಾ ಈ ವರ್ಗಸಮೀಕರಣದ ಮೂಲಗಳಾಗಿರಲಿ. ಮೂಲಗಳ ಮೊತ್ತ ಏಳು, ಗುಣಲಬ್ಧ ಹತ್ತು."

"ಇಂಗ್ಲಿಷಿನ್ಯಾಗ ಹೇಳು."

"ಇಂಗ್ಲಿಷ್ ಕಲಿಯೂದೈತ್ರಿ, ಕಲೀತೇನ್ರಿ. ಲೆಕ್ಕ ತಪ್ಪಿದ್ರ ಹೇಳ್ರಿ, ಈಗಿಂದೀಗ ಅರ್ಜಿ ಕೊಡ್ತೇನಿ."

ಏಳರ ಘನದಿಂದ, ಮೂರು, ಹತ್ತು ಮತ್ತು ಏಳರ ಗುಣಲಬ್ಧವನ್ನು ಕಳೆದೆ. ನೂರಾ ಮೂವತ್ತಮೂರು. ಅವರು ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ, ಮತ್ತೆ ಮೇಲಿನಿಂದ ನೋಡಿದರು. ಹಿಂದಿನ ಬೆಂಚಿನಿಂದ ಗೆಳತಿ ಎದ್ದು, "ಸರ್, ನನಗೂ ಒಂದು ಕೊಡ್ರಿ" ಎಂದಳು.

"ನೀನೂ ಕುಂದರವಾ, ಸಾಕು" ಎಂದರು ಅವರು. ನನ್ನ ಕಡೆ ತಿರುಗಿ, "ಹೋಗು. ಮುಂದಿನ ಟೆಸ್ಟಿನ್ಯಾಗ ನೋಡೂನು" ಎಂದರು.

ಬಿಟ್ಟ ಪ್ರಶ್ನೆಗಳಿಗೆ ಅಂಕಗಳನ್ನು ಅವರು ಕೊಡಲಿಲ್ಲ, ನಾನೂ ಕೇಳಲಿಲ್ಲ. ಸಂಜೆ ತಂದೆಯವರು, "ಅರ್ಜಿ ಕೊಟ್ಟಿಯೇನವಾ?" ಎಂದು ವಿಚಾರಿಸಿದರು.

"ಇಲ್ಲಪ್ಪ. ನಾ ಸೈನ್ಸ್ ಬಿಡೂದಿಲ್ಲ."

"ಮತ್ತ ನಾ ಮಾಡಿದ ಸಹಿ?"

"ಸಹಿ ಭಾಳ ಛಲೋ ಬಂದೈತಿ. ನನ್ನ ಕಡೆ ಇಟ್ಕೋತೇನಿ."

ಅವರು ಊಟಕ್ಕೆ ಬಡಿಸಲು ಅವ್ವನನ್ನು ಕರೆದರು. ಮುಂದಿನ ಟೆಸ್ಟಿಗೂ ವಾರ್ಷಿಕ ಪರೀಕ್ಷೆಗೂ ನಾನು ಅದೇ ವಿಜ್ಞಾನ ತರಗತಿಯಲ್ಲಿದ್ದು ಗಣಿತವನ್ನೇ ಬರೆದೆ.

ಈ ಬರಹದಲ್ಲಿ ಕಂಡುಬರುವ ಅಕ್ಷರದೋಷಗಳನ್ನು ತಾವು ದಯವಿಟ್ಟು ತಿದ್ದಿಕೊಳ್ಳಬೇಕು. ಅದಕ್ಕೆ ನನ್ನ ತಕರಾರು ಇರುವುದಿಲ್ಲ. ಲೆಕ್ಕದಲ್ಲಿ ತಪ್ಪಿದೆಯೆಂದು ಅನ್ನಿಸಿದರೆ ಮಾತ್ರ, ನನ್ನನ್ನು ಬೋರ್ಡಿನ ಮುಂದೆ ಕರೆದೇ ತೋರಿಸತಕ್ಕದ್ದು.