ಬೀಗ ಹಾಕಿದ ಗೇಟಿನ ಮುಂದೆ ಕರಪತ್ರದಕ್ಕ

ಮಗು ಮಲಗಿದೆ, ಏಳುವ ಮುಂಚೆ ಕರಪತ್ರದಕ್ಕನ ವಿಷಯ ಬರೆದಿಟ್ಟುಬಿಡಬೇಕು. ನಾಳೆಯ ಗಡಿಬಿಡಿಯಲ್ಲಿ ಇದೆಲ್ಲ ಎಲ್ಲಿ ನೆನಪಿರುತ್ತದೆ?

ಅವರಿಗೆ ಆ ಹೆಸರಿಟ್ಟವಳು ನಾನೇ. ಲಸಿಕೆ ಹಾಕಿಸುವ ಸಾಲಿನಲ್ಲಿ ನಿಂತಿದ್ದಾಗ ಕೈಗೊಂದು ಕರಪತ್ರ ಕೊಟ್ಟಿದ್ದರು. ನಮ್ಮ ಮನೆಯೆದುರಿನ ಸಮುದಾಯ ಕಾಲೇಜಿನದು. 'ಸಮುದಾಯದ ಸರ್ವಾಂಗೀಣ ಅಭ್ಯುದಯವೇ ನಮ್ಮ ಧ್ಯೇಯ' ಎಂದು ದಪ್ಪಕ್ಷರದಲ್ಲಿತ್ತು.

"ಹಾಗಂದ್ರೆ ಏನಕ್ಕಾ?" ಎಂದೆ.

"ನಂಗೂ ಸರಿಯಾಗಿ ಗೊತ್ತಿಲ್ಲ ಕಣಮ್ಮಾ. ಅರ್ಧಕ್ಕೆ ಓದು ಬಿಟ್ಟೋರು ಸಂಜೆ ಆರಕ್ಕೆ ಬನ್ನಿ, ಇಲ್ಲಿ ಯಾರೂ ನಗಲ್ಲ ಅಂತ ಇಟ್ಕೋ."

ನಾನು ಹತ್ತನೇ ತರಗತಿಗೇ ಓದು ಬಿಟ್ಟವಳೆಂದು ಅವರಿಗೆ ಹೇಗೆ ಗೊತ್ತಾಯಿತೋ!

ಅಕ್ಕ ಆ ಕಾಲೇಜಿನ ವಿಚಾರಣೆಯ ಮೇಜಿಗೆ ಬಂದು ಇಪ್ಪತ್ತೆರಡು ವರ್ಷ. ಫೋನು ಎತ್ತುವುದು, ಅರ್ಜಿ ತುಂಬಿಕೊಡುವುದು, ಮಧ್ಯಾಹ್ನ ಆಸ್ಪತ್ರೆ, ಬಸ್ ನಿಲ್ದಾಣ, ಕಾರ್ಖಾನೆಯ ಬಾಗಿಲಲ್ಲಿ ಕರಪತ್ರ ಹಂಚುವುದು. ಕಾಲೇಜು ಯಾಕಿದೆ ಎಂದು ಊರಿಗೆ ಹೇಳಲು ಇದ್ದದ್ದು ಅವರೊಬ್ಬರೇ. ಮನೆಯಲ್ಲೂ ಒಬ್ಬರೇ.

"ಮನೇಲಿ ನನ್ನ ಜೊತೆ ಮಾತಾಡೋದು ರೇಡಿಯೋ ಒಂದೇ. ಅದೂ ನಾನು ಹೇಳಿದ್ದು ಕೇಳಿಸ್ಕೊಳ್ಳಲ್ಲ," ಎಂದು ಒಮ್ಮೆ ನಕ್ಕಿದ್ದರು. ಸಂಜೆ ತರಗತಿ ಬೇಕೆಂದು ಹಟ ಹಿಡಿದು ಶುರುಮಾಡಿಸಿದ್ದೂ ಅವರೇ. ಪಾಠ ಕೇಳಲೆಂದು ಕೊನೆಯ ಸಾಲಿನಲ್ಲಿ ತಮಗೂ ಒಂದು ಕುರ್ಚಿ ಹಾಕಿಕೊಂಡಿದ್ದರಂತೆ. ಈ ಶುಕ್ರವಾರದೊಳಗೆ ಹನ್ನೆರಡು ಜನ ಸೇರದಿದ್ದರೆ ತರಗತಿ ಮುಚ್ಚುತ್ತೇವೆ ಎಂದು ಪ್ರಾಂಶುಪಾಲರು ಹೇಳಿಬಿಟ್ಟಿದ್ದರು. ಸೋಮವಾರದವರೆಗೆ ಸೇರಿದವರು ಇಬ್ಬರು.

ನನ್ನ ಅಡುಗೆಮನೆಯ ಕಿಟಕಿಗೆ ಕಾಲೇಜಿನ ದೊಡ್ಡ ಗೇಟು ಕಾಣುತ್ತದೆ. ಸಂಜೆ ಯಾರಾದರೂ ಬಂದು ನಿಲ್ಲುತ್ತಿದ್ದರು, ಹೋಗುತ್ತಿದ್ದರು. ಯಾರನ್ನೋ ಕಾಯುತ್ತಿರಬೇಕು ಎಂದುಕೊಂಡು ನಾನು ಒಗ್ಗರಣೆ ಹಾಕುತ್ತಿದ್ದೆ. ನನಗೂ ಆ ಹೊತ್ತಿನಲ್ಲಿ ಮಾತಾಡಲು ಯಾರೂ ಇಲ್ಲ. ನಮ್ಮ ಮನೆಯವರಿಗೆ ಸಂಜೆಯ ಪಾಳಿ, ಮಗುವಿಗೆ ಇನ್ನೂ ಮಾತು ಬಂದಿಲ್ಲ.

ಮಂಗಳವಾರ, ಏನಾದರಾಗಲಿ, ತರಗತಿಗೆ ಹೋಗಿಯೇ ನೋಡೋಣ ಎಂದು ಮಗುವನ್ನು ಎತ್ತಿಕೊಂಡು ಇಳಿದೆ. ಗೇಟಿಗೆ ಬೀಗ! ಅಲ್ಲಿ ಆಸ್ಪತ್ರೆಯಲ್ಲಿ ನೆಲ ಒರೆಸುವ ಹೆಂಗಸೊಬ್ಬರು ಸಮವಸ್ತ್ರದಲ್ಲೇ ನಿಂತಿದ್ದರು, ಕೈಯಲ್ಲಿ ಅದೇ ಕರಪತ್ರ.

"ಮೂರನೇ ಸಲ ಬರ್ತಿದೀನಿ. ನಿಲ್ಸಿಬಿಟ್ಟಿದಾರೆ ಅಂತ ಕಾಣುತ್ತೆ. ನಮ್ಮಂಥೋರಿಗೆಲ್ಲ ಯಾರು ಪಾಠ ಹೇಳ್ತಾರೆ ಬಿಡಿ," ಎಂದು ಹೊರಟೇಬಿಟ್ಟರು.

ಕಾಂಪೌಂಡಿನ ಗುಂಟ ನಡೆದೆ. ಸುತ್ತಿ ಹೋದರೆ ಹಿಂದಿನ ಓಣಿಯಲ್ಲೊಂದು ಸಣ್ಣ ಗೇಟು, ಪೂರ್ತಿ ತೆರೆದಿತ್ತು. ದೀಪ ಉರಿಯುತ್ತಿದ್ದ ಒಂದೇ ಕೋಣೆಯಲ್ಲಿ ಅಕ್ಕ ಕುರ್ಚಿಗಳ ಧೂಳು ಒರೆಸುತ್ತಿದ್ದರು. ಮೇಷ್ಟ್ರೂ ಸೇರಿದ್ದ ಇಬ್ಬರೂ ಕಾದು ಕಾದು ಹೊರಟುಹೋಗಿದ್ದರಂತೆ.

"ಅಕ್ಕಾ, ಜನ ಬರ್ತಿದಾರೆ. ಮುಂದಿನ ಗೇಟಿಗೆ ಬೀಗ ನೋಡಿ ವಾಪಸ್ ಹೋಗ್ತಿದಾರೆ."

"ಆ ಗೇಟು ಐದಕ್ಕೇ ಹಾಕ್ತಾರಲ್ಲ. ಸಂಜೆ ಆ ಕಡೆಯಿಂದ ಯಾರು ಬರ್ತಾರೆ?"

"ಹೊಸಬರು ಬರ್ತಾರಕ್ಕಾ."

ಅಕ್ಕ ಒರೆಸುವ ಬಟ್ಟೆ ಕೆಳಗಿಟ್ಟರು. ಕರಪತ್ರವನ್ನು ದೀಪಕ್ಕೆ ಹಿಡಿದು ಓದಿದರು. ಧ್ಯೇಯವಿತ್ತು, ಪ್ರಾಂಶುಪಾಲರ ಫೋಟೋ ಇತ್ತು, ಅವರ ಡಿಗ್ರಿಗಳೆಲ್ಲ ಇದ್ದವು. ಒಳಗೆ ಬರುವ ದಾರಿ ಮಾತ್ರ ಇರಲಿಲ್ಲ.

"ನಾನೇ ಕಣೇ ಇದನ್ನ ತಿದ್ದಿ ಅಚ್ಚಿಗೆ ಕೊಟ್ಟಿದ್ದು," ಎಂದರು. "ಇಪ್ಪತ್ತೆರಡು ವರ್ಷದಿಂದ ಹಿಂದಿನ ಗೇಟಲ್ಲೇ ಓಡಾಡಿ ಓಡಾಡಿ, ಅದೊಂದು ಹೇಳಬೇಕಾದ ಮಾತು ಅಂತಾನೇ ಹೊಳೀಲಿಲ್ಲ." "ಎಷ್ಟು ಜನ ಬಂದು ಹೋದರೋ, ಪಾಪ."

ಮರುದಿನ ಗೇಟು ತೆಗೆಸಲು ಕೇಳಿದರಂತೆ; ನಿಯಮವಿಲ್ಲ ಎಂದರಂತೆ. ಸಂಜೆ ಕಿಟಕಿಯಿಂದ ನೋಡಿದರೆ, ಬೀಗ ಹಾಕಿದ ಗೇಟಿನ ಮುಂದೆ ಮಡಚುವ ಮೇಜು ಹಾಕಿಕೊಂಡು ಅಕ್ಕ ಕೂತಿದ್ದಾರೆ! ಬಂದವರಿಗೆಲ್ಲ ಹಿಂದಿನ ಗೇಟಿನ ಕಡೆ ಕೈ ತೋರಿಸುತ್ತಿದ್ದಾರೆ. ನೆಲ ಒರೆಸುವ ಹೆಂಗಸನ್ನು ನಾನೇ ಆಸ್ಪತ್ರೆಗೆ ಹೋಗಿ ಹುಡುಕಿ ಹೇಳಿ ಬಂದೆ. ಶುಕ್ರವಾರ ಪಟ್ಟಿ ಹೋದಾಗ ಹದಿಮೂರು ಹೆಸರಿದ್ದವು, ಅದರಲ್ಲಿ ನನ್ನದೊಂದು. ತರಗತಿ ಉಳಿಯಿತು.

ಆದರೆ ಹಳೆಯ ಕರಪತ್ರಗಳು ಇನ್ನೂ ಊರೆಲ್ಲ ಇವೆ, ಹೊಸಬರು ಬರುತ್ತಲೇ ಇದ್ದಾರೆ. ಹಾಗಾಗಿ ಅಕ್ಕ ದಿನವೂ ಹೊರಗೇ. ಕೊನೆಯ ಸಾಲಿನ ಅವರ ಕುರ್ಚಿಯಲ್ಲಿ ನಮ್ಮ ಚೀಲಗಳು ಕೂತಿರುತ್ತವೆ.

ಇವತ್ತು ತರಗತಿ ಮುಗಿಸಿ ಬರುವಾಗ ರಸ್ತೆಯಲ್ಲಿ ಅವರನ್ನು ಬಿಟ್ಟರೆ ಯಾರೂ ಇರಲಿಲ್ಲ. ಸೆರಗು ಹೊದ್ದುಕೊಂಡು ಕೂತಿದ್ದರು.

"ಏನು ಹೇಳಿಕೊಟ್ರೇ ಇವತ್ತು?" ಎಂದರು.

ಮಗುವನ್ನು ಅವರ ತೊಡೆಯ ಮೇಲೆ ಮಲಗಿಸಿ, ಮೇಜಿನ ಮೇಲೆ ಪುಸ್ತಕ ಬಿಚ್ಚಿ ಪಾಠವನ್ನು ಮೊದಲಿಂದ ಹೇಳತೊಡಗಿದೆ. ಅಕ್ಕ ಮಧ್ಯೆ ಮಧ್ಯೆ ತಲೆಯೆತ್ತಿ ರಸ್ತೆಯ ಕಡೆ ನೋಡುತ್ತಿದ್ದರು, ಇನ್ನೂ ಯಾರಾದರೂ ಬರಬಹುದೇನೋ ಎಂದು.