ಜಿಂಕೆ ಕಾಯುವವರು

ಮಾವ ಜಮೀನು ಕೊಂಡದ್ದು ಬೇಸಾಯಕ್ಕಲ್ಲ, ಜಿಂಕೆ ಹೊಡೆಯುವುದಕ್ಕೆ. ಇದನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ. ಅದು ಎಪ್ಪತ್ತರ ದಶಕದ ಆರಂಭ. ಬೇಟೆಗೆ ಆಗ ಪರವಾನಗಿ ಸಿಗುತ್ತಿತ್ತು. ಬಂದೂಕು ಇದ್ದವರು ಭಾನುವಾರ ಕಾಡಿಗೆ ಹೋಗಿ ಬಂದ ಕಥೆಯನ್ನು ಸೋಮವಾರ ಆಫೀಸಿನಲ್ಲಿ ರಾಜಾರೋಷವಾಗಿ ಹೇಳಿಕೊಳ್ಳುತ್ತಿದ್ದರು.

ಮಾವ ನನ್ನ ಅಮ್ಮನ ತಮ್ಮ. ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ಜಯನಗರ ನಾಲ್ಕನೇ ಬ್ಲಾಕಿನ ಹತ್ತಿರ ಬಾಡಿಗೆ ಮನೆ. ಅವರ ಬಳಿ ಜೋಡಿ ನಳಿಗೆಯ ಬಂದೂಕಿತ್ತು, ಆದರೆ ಹೊಡೆಯಲು ಜಾಗವಿರಲಿಲ್ಲ. ಬೇಟೆಗೆ ಹೋಗುವುದೆಂದರೆ ಯಾರದೋ ಜೀಪಿನಲ್ಲಿ, ಯಾರದೋ ತೋಟಕ್ಕೆ, ಅತಿಥಿಯಾಗಿ ಹೋಗಬೇಕು. ಅಲ್ಲಿ ಮೊದಲ ಗುಂಡು ಜೀಪಿನ ಯಜಮಾನನದು, ಎರಡನೆಯದು ಅವನ ಭಾವಮೈದುನನದು. ಮಾವನ ಸರದಿ ಬರುವಷ್ಟರಲ್ಲಿ ಜಿಂಕೆಗಳು ಪಕ್ಕದ ಜಿಲ್ಲೆ ಸೇರಿರುತ್ತಿದ್ದವು. ಅವರು ಅದುವರೆಗೆ ಹೊಡೆದಿದ್ದುದು ಕೌಜುಗ ಮತ್ತು ಮೊಲ. ತನ್ನದೇ ನೆಲದಲ್ಲಿ ಕೂತು, ಯಾರ ಅಪ್ಪಣೆಯನ್ನೂ ಕೇಳದೆ, ಕೊಂಬಿರುವ ಒಂದು ಗಂಡು ಜಿಂಕೆಯನ್ನು ಹೊಡೆಯಬೇಕೆಂಬುದು ಅವರ ಆಸೆ.

ಹುಳಿಮಾವು ದಾಟಿ, ಬನ್ನೇರುಘಟ್ಟವನ್ನೂ ದಾಟಿದರೆ ಕಾಡಿನ ಅಂಚಿನಲ್ಲಿ ಒಂದು ಹಳ್ಳಿ. ಅಲ್ಲಿನ ಮೂರು ಎಕರೆ ಬೀಳು ನೆಲವನ್ನು ಅವರು ಕೊಂಡರು. ಕಲ್ಲು, ಲಂಟಾನ, ನಾಲ್ಕಾರು ಎಲಚಿ ಗಿಡ, ಮಳೆಗಾಲದಲ್ಲಿ ಮಾತ್ರ ನೀರು ನಿಲ್ಲುವ ಒಂದು ಕುಂಟೆ. ಮಾರಿದವರಿಗೇ ಇವರ ಬಗ್ಗೆ ಅಯ್ಯೋ ಅನ್ನಿಸಿತಂತೆ.

ಅತ್ತೆಗೆ ಸಿಟ್ಟು ಬಂದದ್ದು ನ್ಯಾಯವಾಗಿತ್ತು. ಮುಂದೆ ಜೆ.ಪಿ. ನಗರ ಎಂದಾದ ಕಡೆ ಆಗಷ್ಟೇ ಸೈಟುಗಳನ್ನು ಹಂಚುತ್ತಿದ್ದರು.

"ಊರಿನವರೆಲ್ಲ ಹೆಂಡ್ತಿ ಮಕ್ಕಳಿಗೆ ಅಂತ ಸೈಟ್ ತಗೊಂಡ್ರು. ನಮ್ಮೆಜಮಾನ್ರು ಜಿಂಕೆಗೆ ಸೈಟ್ ತಗೊಂಡ್ರು," ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. "ಗೃಹಪ್ರವೇಶ ಯಾವಾಗ ಅಂತ ಅವನ್ನೇ ಕೇಳ್ಬೇಕು."

ನಾನು ಆಗ ಒಂದು ಪತ್ರಿಕೆಯ ಕೆಲಸಕ್ಕೆ ಸೇರಿದ್ದೆ. ವಾರದ ರಜೆ ಭಾನುವಾರ ಬಿಟ್ಟು ಬೇರೆ ದಿನ ಸಿಗುತ್ತಿತ್ತು. ಕಾರ್ಖಾನೆಯಲ್ಲಿ ಪಾಳಿ ಹೊಂದಿಸಿಕೊಂಡು ಮಾವನೂ ಅದೇ ದಿನ ಹೊರಡುತ್ತಿದ್ದರು. ಅವರ ಮೋಟಾರ್ ಸೈಕಲ್ಲಿನ ಹಿಂದೆ ಕೂತು, ತೊಡೆಯ ಮೇಲೆ ಗುದ್ದಲಿ ಇಟ್ಟುಕೊಂಡು, ಬಿಳೇಕಹಳ್ಳಿಯ ಹೊಲಗಳ ನಡುವೆ ಹೋದದ್ದು ಚೆನ್ನಾಗಿ ನೆನಪಿದೆ.

ಮಾವ ಕೆಲಸವನ್ನು ಕಾರ್ಖಾನೆಯ ಶಿಸ್ತಿನಿಂದಲೇ ಮಾಡಿದರು. ಕುಂಟೆಯ ಹೂಳು ತೆಗೆಸಿ, ನೀರು ಇನ್ನಷ್ಟು ದಿನ ನಿಲ್ಲುವಂತೆ ಏರಿ ಕಟ್ಟಿಸಿದರು. ಲಂಟಾನ ಕಡಿಸಿ ಹುಲ್ಲಿಗೆ ಜಾಗ ಮಾಡಿದರು. ಎಲಚಿಯನ್ನು ಉಳಿಸಿ, ಪಕ್ಕದಲ್ಲಿ ನೆಲ್ಲಿ ಸಸಿ ನೆಟ್ಟರು. ಹುತ್ತದ ಮಣ್ಣಿಗೆ ಕಲ್ಲುಪ್ಪು ಬೆರೆಸಿ, ಜಿಂಕೆ ಬಂದು ನೆಕ್ಕಲಿ ಎಂದು ಬಂಡೆಯ ಬುಡದಲ್ಲಿ ಮೆತ್ತಿದರು. ಮುಂದಿನ ವಾರ ಹೋಗಿ ನೋಡಿದರೆ ಹಳ್ಳಿಯ ದನಗಳೆಲ್ಲ ಅಲ್ಲಿ ಸೇರಿದ್ದವು. ಬಂಡೆ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಮಾವ ಸ್ವಲ್ಪ ಹೊತ್ತು ನೋಡಿ, "ಇರ್ಲಿ ಬಿಡು, ಅವಕ್ಕೂ ಬೇಕು," ಎಂದರು.

ಕೊನೆಗೆ ಹೊಂಗೆ ಮರದ ಕವಲಿನಲ್ಲಿ ಬಿದಿರಿನ ಅಟ್ಟಣೆ ಕಟ್ಟಿಸಿದರು. ಪಕ್ಕದ ರಾಗಿ ಹೊಲದ ಯಜಮಾನಿ ನಮ್ಮನ್ನು ಮಾತಾಡಿಸಿದ್ದು ಆ ದಿನ. ವಯಸ್ಸು ನಲವತ್ತರ ಆಸುಪಾಸು. ಗಂಡ ಕಲ್ಲುಕ್ವಾರಿ ಕೆಲಸಕ್ಕೆ ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ಹೊಲದ ಪೂರಾ ಹೊರೆ ಆಕೆಯದು. ಬದುವಿನ ಮೇಲೆ ನಿಂತು, ಮರದ ಮೇಲಿದ್ದ ಮಾವನನ್ನು ಕೇಳಿದರು:

"ಏನ್ ಸಾಮಿ, ಅಟ್ಟಣೆ ಕಟ್ಟುಸ್ತಿದೀರಿ? ಹೊಲಾನೇ ಹಾಕಿಲ್ವಲ್ಲ, ಏನ್ ಕಾಯ್ತೀರಿ?"

"ಜಿಂಕೆ ಕಾಯ್ತೀನಮ್ಮ," ಎಂದರು ಮಾವ.

"ಜಿಂಕೇನಾ?"

"ಹೂಂ. ಜಿಂಕೆ."

ಆಕೆ, "ಒಳ್ಳೇದು ಕಣ್ ಸಾಮಿ," ಎಂದು ಕಳೆ ಕೀಳಲು ಹೋದರು.

ಬೇಟೆಯವರ ಬಾಯಲ್ಲಿ ಕಾಯುವುದೆಂದರೆ ಹೊಂಚು ಹಾಕಿ ಕೂರುವುದು. ದನ ಕಾಯುವವರ ಊರಿನಲ್ಲಿ ಅದಕ್ಕೆ ಬೇರೆ ಅರ್ಥ. ಇದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಅಲ್ಲಿಂದ ಮುಂದೆ ಹಳ್ಳಿಯಲ್ಲಿ ಮಾವನ ಹೆಸರು ಜಿಂಕೆ ಕಾಯೋರು ಎಂದಾಯಿತು. ಟೀ ಅಂಗಡಿಯಾತ, "ಜಿಂಕೆ ಕಾಯೋರ್ಗೆ ಒಂದ್ ಸ್ಟ್ರಾಂಗ್," ಎಂದು ಕೂಗುತ್ತಿದ್ದ. ಮಾವನಿಗೆ ಅದು ಬಿರುದಿನಂತೆ ಕೇಳುತ್ತಿತ್ತು.

ಜಿಂಕೆ ಬರುವ ಮುಂಚೆ ಕಾನೂನು ಬಂತು. ವನ್ಯಜೀವಿಗಳ ರಕ್ಷಣೆಗೆ ಹೊಸ ಕಾಯಿದೆಯಾಗಿ, ಪರವಾನಗಿ ಸಿಗುವುದು ನಿಂತೇಹೋಯಿತು. ನಮ್ಮ ಪತ್ರಿಕೆಯಲ್ಲಿ ಅದು ಒಳಪುಟದ ಸುದ್ದಿ. ಮಾವ ಅದನ್ನು ಓದಿ, ಪತ್ರಿಕೆ ಮಡಿಚಿಟ್ಟು, ಕಾರ್ಖಾನೆಗೆ ಹೋದರು. ಜೀಪಿನ ಗೆಳೆಯರು ಬಂದೂಕುಗಳಿಗೆ ಎಣ್ಣೆ ಹಚ್ಚಿ ಕಪಾಟಿನಲ್ಲಿಟ್ಟು, ಇಸ್ಪೀಟಿಗೆ ಕೂತರು.

ಮಾವ ಮಾತ್ರ ವಾರಕ್ಕೊಮ್ಮೆ ಹೋಗುವುದನ್ನು ಬಿಡಲಿಲ್ಲ. ಯಾಕೆಂದು ಕೇಳಿದರೆ, "ಏರಿ ಕುಸಿದಿರುತ್ತೆ ಕಣೋ, ನೋಡ್ಕೊಂಡ್ ಬರ್ತೀನಿ," ಎನ್ನುತ್ತಿದ್ದರು. ಏರಿ ಅಷ್ಟು ಸಲ ಕುಸಿದದ್ದನ್ನು ನಾನು ಕಾಣೆ. ಕೆಲವು ವರ್ಷ ಹೀಗೇ ಕಳೆದವು.

ಆಮೇಲೆ ಯಾರೋ ಅವರಿಗೆ ಒಂದು ದಾರಿ ಹೇಳಿಕೊಟ್ಟರು. ಬೆಳೆಯನ್ನು ಕಾಡುಪ್ರಾಣಿ ಹಾಳು ಮಾಡುತ್ತಿದ್ದರೆ, ಹೊಡೆಯಲು ಅನುಮತಿ ಕೇಳಬಹುದು. ಆದರೆ ಬೆಳೆ ಇರಬೇಕು, ಹಾಳಾಗಿರಬೇಕು, ಅಕ್ಕಪಕ್ಕದ ರೈತರು ಹೌದೆಂದು ಹೇಳಬೇಕು. ಮಾವ ಆ ವರ್ಷ ಹಿಂಗಾರಿನಲ್ಲಿ ಹುರುಳಿ ಬಿತ್ತಿಸಿದರು. ಹುರುಳಿಯ ಎಳೆ ಚಿಗುರೆಂದರೆ ಜಿಂಕೆಗೆ ಪ್ರಾಣ. ಹಾಳಾಗಲೆಂದೇ ಹೊಲ ಬಿತ್ತಿದವರನ್ನು ನಾನು ನೋಡಿದ್ದು ಅದೊಂದೇ ಸಲ.

ಜಿಂಕೆಗಳು ಬಂದವು. ಚುಕ್ಕೆ ಜಿಂಕೆಗಳ ಒಂದು ಹಿಂಡು, ಒಳ್ಳೆಯ ಕೊಂಬಿನ ಗಂಡೂ ಅದರಲ್ಲಿ ಇತ್ತು. ಸಂಜೆ ಅಟ್ಟಣೆಯ ಮೇಲೆ ಕೂತು ಅವುಗಳನ್ನು ಮೊದಲು ನೋಡಿದಾಗ ಮಾವ ನನ್ನ ಮೊಣಕೈ ಹಿಡಿದುಕೊಂಡರು. ನೋವಾದರೂ ನಾನು ಕೈ ಬಿಡಿಸಿಕೊಳ್ಳಲಿಲ್ಲ. ಅವು ಚಿಗುರು ತಿಂದವು, ಕುಂಟೆಯ ನೀರು ಕುಡಿದವು, ಮರಿಗಳು ಏರಿಯ ಮೇಲೆ ಕುಪ್ಪಳಿಸಿದವು. ಮಾವ ಕೆಳಗಿಳಿದು, "ಅಂತೂ ಬಂದ್ವು," ಎಂದಷ್ಟೇ ಹೇಳಿದರು.

ಒಂದು ಬೆಳಗ್ಗೆ, ನಾನು ಅವರ ಮನೆಯಲ್ಲಿ ತಿಂಡಿಗೆ ಕೂತಿದ್ದಾಗ, ಗೇಟಿನ ಬಳಿ ಪಕ್ಕದ ಹೊಲದ ಯಜಮಾನಿ ನಿಂತಿದ್ದರು. ಮೊದಲ ಬಸ್ಸು ಹತ್ತಿ, ಅವರಿವರನ್ನು ಕೇಳಿಕೊಂಡು ಜಯನಗರಕ್ಕೆ ಬಂದಿದ್ದರು. ಕೈಯಲ್ಲಿ ರಾಗಿಯ ನಾಲ್ಕೈದು ದಂಟು. ತುದಿಯಲ್ಲಿ ತೆನೆ ಇರಲಿಲ್ಲ, ಕಚ್ಚಿ ಎಳೆದ ಗುರುತು ಮಾತ್ರ ಇತ್ತು.

ಅತ್ತೆ ಒಳಗೆ ಕರೆದು ಕೂರಿಸಿದರು. ಆಕೆ ನೆಲದ ಮೇಲೆ ಕೂತು, ದಂಟುಗಳನ್ನು ಮಾವನ ಮುಂದಿಟ್ಟರು.

"ನಿಮ್ ಜಿಂಕೆ ನಮ್ ರಾಗಿ ಮೇಯ್ದ್ಬುಟ್ಟವೆ ಸಾಮಿ."

"ನಮ್ ಜಿಂಕೇನಾ?"

"ಇನ್ಯಾರವು? ನೀವೇ ತಾನೆ ಕಾಯೋರು. ನೀರ್ ಮಾಡುದ್ರಿ, ಉಪ್ಪಿಟ್ರಿ, ಹುರುಳಿ ಹಾಕುದ್ರಿ. ಕರ್ಕಂಡ್ ಬಂದ್ರಿ. ಬಂದವು ಬದ ನೋಡ್ತಾವಾ? ಮೂಲೆ ಕಡೆ ತಿಂದಾಯ್ತು. ಮಿಕ್ಕಿದ್ದೂ ಹೋದ್ರೆ ಸುಗ್ಗಿಗೆ ನಾನ್ ಕುಡ್ಲು ಹಿಡ್ಕಂಡ್ ಏನ್ ಕುಯ್ಲಿ? ವರ್ಸದ್ ಹಿಟ್ಟು ಅದು."

ಆಕೆಯ ದನಿ ಏರಲಿಲ್ಲ. ದನ ನುಗ್ಗಿದಾಗ ಯಜಮಾನನ ಮನೆ ಬಾಗಿಲಿಗೆ ಹೋಗಿ ಹೇಳುವುದು ಅಲ್ಲಿನ ಪದ್ಧತಿ. ಆಕೆ ಅದನ್ನೇ ಮಾಡಿದ್ದರು.

ಮಾವ ದಂಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಅನುಮತಿ ಕೇಳಲು ಇನ್ನೇನು ಬೇಕಿತ್ತೋ ಅದು ತಾನಾಗಿ ಮನೆಗೆ ಬಂದಿತ್ತು. ಅವರು ಮೆಲ್ಲಗೆ ಹೇಳಿದರು:

"ನೋಡಮ್ಮ, ಇದಕ್ಕೊಂದು ದಾರಿ ಇದೆ. ಜಿಂಕೆ ಬೆಳೆ ಹಾಳ್ಮಾಡ್ತಿವೆ ಅಂತ ನೀವು ಫಾರೆಸ್ಟ್ ಆಫೀಸಿನವರ ಮುಂದೆ ಒಂದ್ಮಾತು ಹೇಳಿ. ನಾನು ಅನುಮತಿ ತಗೊಂಡು ಒಂದೆರಡು ಹೊಡೆದ್ರೆ, ಮಿಕ್ಕಿದ್ದು ಈ ಕಡೆ ತಲೆ ಹಾಕಲ್ಲ."

ಆಕೆಗೆ ತಕ್ಷಣ ಅರ್ಥವಾಗಲಿಲ್ಲ. "ಏನ್ ಹೊಡೆಯಾದು?"

"ಜಿಂಕೇನ."

ಆಕೆ ಅತ್ತೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ಆಮೇಲೆ ಮಾವನ ಕಡೆ.

"ಅಯ್ಯೋ ನನ್ನಪ್ಪ. ಕಾಯೋರೇ ಹೊಡೀತಾರಾ? ದನ ಹೊಲಕ್ ನುಗ್ತು ಅಂತ ಯಾರಾರ ದನ ಕಡ್ದಾರಾ? ಅವುನ್ನ ಹೊಡೀರಿ ಅಂತ ಹೇಳಕ್ ಬರ್ಲಿಲ್ಲ ನಾನು. ನೆಟ್ಟಗ್ ಕಾಯ್ರಿ ಅಂತ ಹೇಳಕ್ ಬಂದೆ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗು ತಡೆಯಲಾಗಲಿಲ್ಲ.

"ಸರಿಯಾಗ್ ಹೇಳಿದ್ರಿ ಕಣ್ರಮ್ಮ. ಇವ್ರು ಇಷ್ಟು ವರ್ಷ ಕಾಯ್ತಿರೋದೇನು ಅಂತ ನಂಗೂ ಇವತ್ತೇ ಗೊತ್ತಾಗಿದ್ದು."

"ನೀನ್ ಸುಮ್ನಿರೆ," ಎಂದರು ಮಾವ. ಆದರೆ ಗದರಿಕೆಯಲ್ಲಿ ಜೋರಿರಲಿಲ್ಲ. ಮಾತಿನ ಎರಡು ಅರ್ಥಗಳನ್ನು ಆಕೆಗೆ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. ದಂಟುಗಳನ್ನು ಜೋಡಿಸಿ ಆಕೆಯ ಕೈಗೆ ಕೊಟ್ಟು, "ಆಯ್ತಮ್ಮ. ನಾಳೆಯಿಂದ ಬರ್ತೀನಿ," ಎಂದರು.

ಬಂದೂಕಿಲ್ಲದೆ ಹೋದರು. ಕಾರ್ಖಾನೆಗೆ ರಜೆ ಬರೆದುಕೊಟ್ಟು, ಕುಯ್ಲಿನವರೆಗೂ ಹಳ್ಳಿಯಲ್ಲೇ ಉಳಿಯುವುದೆಂದು ಟೀ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಾಕಿದರು. ನನ್ನ ರಜೆಯ ದಿನ ನಾನೂ ಹೋಗುತ್ತಿದ್ದೆ. ಹುರುಳಿ ಹೊಲದಲ್ಲಿ ಜಿಂಕೆಗಳನ್ನು ಮೇಯಲು ಬಿಡಬೇಕು, ಬದು ದಾಟಲು ಬಿಡಬಾರದು. ಕೇಳಲು ಸುಲಭ. ಮಾವ ಅಟ್ಟಣೆಯಿಂದ ಡಬ್ಬ ಬಡಿದರೆ ಜಿಂಕೆಗಳು ಬೆದರಿ ನೇರ ರಾಗಿಯೊಳಕ್ಕೇ ಓಡಿದವು. ಮಾವ ಪಂಚೆ ಎತ್ತಿ ಕಟ್ಟಿ ಇಳಿದು, "ಹೋಯ್! ಹೋಯ್!" ಎಂದು ಹಿಂದೆ ಓಡಿದರು. ಮುನ್ನೂರು ಜನರ ಮೇಲೆ ದನಿ ಎತ್ತುವ ಫೋರ್‌ಮನ್ ಗಂಟಲು ಅದು. ಜಿಂಕೆಗಳಿಗೆ ಅದರ ಲೆಕ್ಕವಿರಲಿಲ್ಲ.

ಬದುವಿನ ಮೇಲಿಂದ ಯಜಮಾನಿ ಕೂಗಿದರು: "ಸಾಮಿ, ಜಿಂಕೆ ತುಳ್ದಿದ್ಕಿಂತ ನೀವ್ ತುಳ್ದಿದ್ದೇ ಜಾಸ್ತಿ ಆಯ್ತು! ಈಚೆ ಬನ್ನಿ!"

ಆಮೇಲೆ ಇಬ್ಬರೂ ಒಂದು ಕ್ರಮ ಮಾಡಿಕೊಂಡರು. ಹೊತ್ತು ಇಳಿಯುವ ಮೊದಲೇ ಮಾವ ಬದುವಿನ ಉದ್ದಕ್ಕೂ ಸುಮ್ಮನೆ ಓಡಾಡುವುದು, ಬೀಡಿ ಸೇದುವುದು, ಕೆಮ್ಮುವುದು, ಮಾತಾಡುವುದು. ಮನುಷ್ಯರ ವಾಸನೆ, ಸದ್ದು ಅಲ್ಲಿದ್ದರೆ ಜಿಂಕೆ ತಾನಾಗಿಯೇ ಕಾಡಿನ ಮಗ್ಗುಲಿಗೆ ಸರಿಯುತ್ತಿತ್ತು. ಬೆಳಗಿನ ಜಾವದ ಕಾವಲನ್ನು ಆಕೆ ವಹಿಸಿಕೊಂಡರು. ಸಂಜೆ ಮಾವನಿಗೆ ಮಾತಾಡಲು ಯಾರೂ ಇಲ್ಲದಾಗ ಕಾರ್ಖಾನೆಯ ಯಂತ್ರಗಳ ಹೆಸರನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳುತ್ತಾ ನಡೆಯುತ್ತಿದ್ದರು. ನಾನು ಹೋದ ಒಂದು ಸಂಜೆ ಆ ಕೊಂಬಿನ ಗಂಡು ಬದುವಿಗೆ ತೀರ ಸಮೀಪ ಬಂದು ನಿಂತಿತು. ಇಷ್ಟು ಹತ್ತಿರದಲ್ಲಿ ಗುರಿ ತಪ್ಪುವುದು ಕಷ್ಟ. ಮಾವ ಅದನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೈಗಳ್ಳ ಕೆಲಸಗಾರನನ್ನು ಗದರುವ ದನಿಯಲ್ಲಿ, "ಏಯ್, ನಿನ್ನ ಜಾಗ ಆ ಕಡೆ," ಎಂದರು. ಅದು ಕಿವಿ ಅಲ್ಲಾಡಿಸಿ, ಅವಸರವಿಲ್ಲದೆ, ಹುರುಳಿಯ ಕಡೆ ತಿರುಗಿತು.

"ನೋಡ್ದಾ, ಮಾತು ಕೇಳ್ತು," ಎಂದು ಮಾವ ನನಗೆ ಹೇಳಿದರು. ಕೇಳಿತೆಂದು ನಾನು ವರದಿ ಬರೆಯಲಾರೆ. ತಿರುಗಿದ್ದು ಮಾತ್ರ ನಿಜ.

ರಾಗಿ ಪೂರಾ ಉಳಿಯಲಿಲ್ಲ. ಮೂಲೆಯ ಭಾಗ ಮೊದಲೇ ಹೋಗಿತ್ತು, ಆಮೇಲೂ ಒಂದೆರಡು ಬೆಳಗ್ಗೆ ಹಿಂಡು ನುಗ್ಗಿತ್ತು. ಆದರೂ ಮನೆಯ ಊಟಕ್ಕೆ ಸಾಲುವಷ್ಟು ಬಂತೆಂದು ಆಕೆಯೇ ಹೇಳಿದರು. ಒಕ್ಕಣೆಯ ದಿನ ಮಾವ, ಅತ್ತೆ, ನಾನು ಮೂವರೂ ಹೋದೆವು. ಅತ್ತೆ ಆ ಜಮೀನಿಗೆ ಕಾಲಿಟ್ಟದ್ದು ಅದೇ ಮೊದಲು. ಕಣದಲ್ಲಿ ರಾಶಿ ಮಾಡಿ, ಪೂಜೆ ಮಾಡಿ, ಮನೆಗೆ ತುಂಬುವ ಮುಂಚೆ ಕಮ್ಮಾರ, ಅಗಸ, ಕಾವಲಿನವರಿಗೆ ಅವರವರ ಪಾಲು ಅಳೆದುಕೊಡುವುದು ಅಲ್ಲಿನ ಪದ್ಧತಿ. ಅದಕ್ಕೆ ಆಯ ಎನ್ನುತ್ತಾರೆ. ಎಲ್ಲರಿಗೂ ಆದಮೇಲೆ ಆಕೆ ಮೊರದ ತುಂಬ ರಾಗಿ ತುಂಬಿ ಮಾವನ ಮುಂದೆ ಹಿಡಿದರು.

"ನಂಗ್ಯಾಕಮ್ಮ? ತಿಂದಿದ್ದು ನಮ್ ಜಿಂಕೆ."

"ಅದಕ್ ಬೇರೆ ಲೆಕ್ಕ. ಇದು ಕಾವಲಿಂದು. ಬ್ಯಾಡ ಅನ್ಬಾರ್ದು, ಸೆರಗೊಡ್ಡವ್ವ," ಎಂದು ಅತ್ತೆಯ ಕಡೆ ತಿರುಗಿದರು. ಅತ್ತೆ ಸೆರಗು ಹಿಡಿದರು.

ಮಾವ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಕೇಳಿದರು: "ಮುಂದಿನ ವರ್ಷ ಹುರುಳಿ ಹಾಕ್ಲೋ ಬೇಡ್ವೋ? ನೀವೇ ಹೇಳಿ."

ಆಕೆ ಮಾವನನ್ನು ಕರೆದುಕೊಂಡು ಅವರ ಜಮೀನಿನೊಳಕ್ಕೆ ನಡೆದರು. ಕುಂಟೆಯ ಆಚೆ, ಕಾಡಿಗೆ ತಾಗಿದ ಕಡೆ, ಕೋಲಿನಿಂದ ನೆಲದ ಮೇಲೆ ಒಂದು ಗೀಟು ಎಳೆದರು. ಮೂರು ಎಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಗೀಟಿನ ಈಚೆಗೇ ಉಳಿಯಿತು.

"ಹುರುಳಿ ಏನಿದ್ರೂ ಆಚೆಗ್ ಹಾಕಿ. ಈಚೆಗೆ ಹರಳ್ಗಿಡ ಹಾಕಿ, ಎಣ್ಣೆಗಾಯ್ತದೆ, ಅದುನ್ನ ಅವು ಮುಟ್ಟಕಿಲ್ಲ."

ಮಾವ ಗೀಟಿನ ಉದ್ದಕ್ಕೂ ಒಂದು ಸಲ ನಡೆದು ನೋಡಿದರು. ಅಟ್ಟಣೆಯ ಹೊಂಗೆ ಮರ ಈಚೆಗೆ ಬಿದ್ದಿತ್ತು, ಅಲ್ಲಿಂದ ಹುರುಳಿ ಹೊಲ ಗುಂಡಿನ ಅಳತೆಗೆ ಸಿಗುತ್ತಿರಲಿಲ್ಲ. ಅದನ್ನು ಅವರು ಗಮನಿಸಿದ್ದು ನನಗೆ ಕಂಡಿತು.

"ಹರಳಿನ ಬೀಜ ನಿಮ್ಮ ಮನೇಲಿದ್ಯಾ, ಸಂತೇಲಿ ತರ್ಬೇಕಾ?" ಎಂದು ಆಕೆಯನ್ನು ಕೇಳಿದರು.